ಹಿನ್ನೀರಿನ ಗಣಿತ: ಸಂಶೋಧನ ಉಪನ್ಯಾಸವನ್ನು ಕೇಳುವ ಬಗೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಬಾಗಲಕೋಟೆ ಜಿಲ್ಲೆಯ ಈ ಊರುಗಳಲ್ಲಿ ಮಳೆಗಾಲ ಬಂದಿತೆಂದರೆ ಮೂರು ಅಂಕಿಗಳು ಎಲ್ಲರ ಬಾಯಲ್ಲೂ ಇರುತ್ತವೆ. ಮೇಲಿನಿಂದ ಎಷ್ಟು ಕ್ಯುಸೆಕ್ ನೀರು ಬರುತ್ತಿದೆ? ಆಲಮಟ್ಟಿಯಲ್ಲಿ ನೀರು ಎಷ್ಟು ಮೀಟರ್ ಮಟ್ಟದಲ್ಲಿದೆ? ಎಷ್ಟು ಟಿಎಂಸಿ ತುಂಬಿದೆ? ಜಮಖಂಡಿಯ ಕಡೆ ಕೃಷ್ಣೆ, ಮುಧೋಳದ ಕಡೆ ಘಟಪ್ರಭೆ. ಎರಡೂ ಚಿಕ್ಕಸಂಗಮದಲ್ಲಿ ಕೂಡಿ ಆಲಮಟ್ಟಿಯತ್ತ ಹರಿಯುತ್ತವೆ. 2019ರ ಆಗಸ್ಟ್ ತಿಂಗಳಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಬಿಟ್ಟ ದಿನಗಳನ್ನು ಇಲ್ಲಿನ ಜನ ಮರೆತಿಲ್ಲ.

ಆಲಮಟ್ಟಿ ಜಲಾಶಯದ ಈಗಿನ ಪೂರ್ಣ ಮಟ್ಟ 519.60 ಮೀಟರ್, ಸಂಗ್ರಹ ಸುಮಾರು 123 ಟಿಎಂಸಿ. ಇದನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ಎರಡನೆಯ ಜಲವಿವಾದ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ವ್ಯತ್ಯಾಸ 4.656 ಮೀಟರ್. ಇತ್ತ ನಮ್ಮ ತಾಲ್ಲೂಕುಗಳ ರೈತರಿಗೆ ‘ನನ್ನ ಹೊಲ ಮುಳುಗುತ್ತದೆಯೆ?’ ಎಂಬ ಚಿಂತೆ. ಅತ್ತ ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಹಾಪುರಗಳಲ್ಲಿ 2005 ಮತ್ತು 2019ರಲ್ಲಿ ನೆರೆ ಬಂದಾಗ ‘ಇದಕ್ಕೆ ಆಲಮಟ್ಟಿಯ ಹಿನ್ನೀರೇ ಕಾರಣ’ ಎಂಬ ವಾದ. ‘ಹೌದು’ ಎನ್ನುವವರೂ ‘ಇಲ್ಲ’ ಎನ್ನುವವರೂ ಅಂಕಿ-ಅಂಶಗಳನ್ನೇ ಮುಂದಿಡುತ್ತಾರೆ. ಈ ಅಂಕಿಗಳು ಎಲ್ಲಿಂದ ಬರುತ್ತವೆ? ಅವನ್ನು ಪರೀಕ್ಷಿಸುವುದು ಹೇಗೆ?

ನದಿಯ ನೀರಿನ ಲೆಕ್ಕ ಅನ್ವಯಿಕ ಗಣಿತ ಮತ್ತು ಎಂಜಿನಿಯರಿಂಗ್ ಎರಡೂ ಕೂಡುವ ಜಾಗ. ತಾಂತ್ರಿಕ ವಿಶ್ವವಿದ್ಯಾಲಯಗಳ ಸಂಶೋಧನ ಉಪನ್ಯಾಸಗಳಲ್ಲಿ ಈ ವಿಷಯ ಮತ್ತೆ ಮತ್ತೆ ಬರುತ್ತದೆ. ಅಂಥ ಒಂದು ಉಪನ್ಯಾಸದಲ್ಲಿ ಕುಳಿತರೆ ಕರಿಹಲಗೆಯ ಮೇಲೆ ಏನೇನು ಮೂಡುತ್ತದೆ, ಕೊನೆಯಲ್ಲಿ ನಾವು ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಇಲ್ಲಿ ನೋಡೋಣ.

ಸಂಶೋಧನ ಉಪನ್ಯಾಸ ಎಂದರೇನು?

ತರಗತಿಯ ಪಾಠಕ್ಕೂ ಸಂಶೋಧನ ಉಪನ್ಯಾಸಕ್ಕೂ ದೊಡ್ಡ ವ್ಯತ್ಯಾಸವಿದೆ. ತರಗತಿಯಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಸಂಶೋಧನ ಉಪನ್ಯಾಸದಲ್ಲಿ ಉತ್ತರ ಇನ್ನೂ ಪರೀಕ್ಷೆಯ ಹಂತದಲ್ಲಿರುತ್ತದೆ. ಉಪನ್ಯಾಸದ ಸಾರಾಂಶವನ್ನು ಮುಂಚೆಯೇ ಪ್ರಕಟಿಸುತ್ತಾರೆ. ಸುಮಾರು ಒಂದು ಗಂಟೆಯ ಅವಧಿಯಲ್ಲಿ ಸಮಸ್ಯೆ, ಅದರ ಗಣಿತೀಯ ಮಾದರಿ, ಬಿಡಿಸುವ ವಿಧಾನ, ಫಲಿತಾಂಶ, ಮಿತಿಗಳು ಎಂಬ ಕ್ರಮದಲ್ಲಿ ಮಾತು ಸಾಗುತ್ತದೆ. ಅನಂತರ ಪ್ರಶ್ನೋತ್ತರ. ತಿಳಿದವರ ಪ್ರಕಾರ ಉಪನ್ಯಾಸದ ನಿಜವಾದ ಪರೀಕ್ಷೆ ನಡೆಯುವುದು ಈ ಕೊನೆಯ ಹತ್ತು ನಿಮಿಷಗಳಲ್ಲಿಯೇ.

ನದಿ ಹರಿವಿನ ಎರಡು ಮುಖ್ಯ ಸಮೀಕರಣಗಳು ಲೋಕಕ್ಕೆ ತಿಳಿದದ್ದೂ ವಿದ್ವತ್ ಸಭೆಗಳ ಮೂಲಕ. 1871ರಲ್ಲಿ ಫ್ರಾನ್ಸಿನ ಸೇಂಟ್ ವೆನಾ ಅವರು ತೆರೆದ ಕಾಲುವೆಯ ಬದಲಾಗುವ ಹರಿವಿನ ಸಮೀಕರಣಗಳನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. 1889ರ ಡಿಸೆಂಬರ್ 4ರಂದು ರಾಬರ್ಟ್ ಮ್ಯಾನಿಂಗ್ ಅವರು ಐರ್ಲೆಂಡಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಕಾಲುವೆ ಮತ್ತು ಕೊಳವೆಗಳಲ್ಲಿನ ಹರಿವನ್ನು ಕುರಿತು ಪ್ರಬಂಧ ಓದಿದರು. ಆಗ ಇಬ್ಬರಿಗೂ 73 ವರ್ಷ ದಾಟಿತ್ತು ಎಂಬುದು ಸ್ವಾರಸ್ಯಕರ. ಮ್ಯಾನಿಂಗ್ ಅವರು ಲೆಕ್ಕಪತ್ರದ ಕೆಲಸದಿಂದ ಬಂದವರು. ಜಲವಿಜ್ಞಾನದಲ್ಲಿ ಅವರಿಗೆ ಶಾಲಾ ಶಿಕ್ಷಣ ಇರಲಿಲ್ಲ. ಆದರೂ ಇಂದು ಜಗತ್ತಿನ ಎಲ್ಲ ಕಡೆ ಕಾಲುವೆಗಳ ಲೆಕ್ಕ ನಡೆಯುವುದು ಅವರ ಹೆಸರಿನ ಸೂತ್ರದಿಂದ.

ಮೊದಲ ಸಮೀಕರಣ: ಜಮಾ-ಖರ್ಚು

ಸೇಂಟ್ ವೆನಾ ಅವರ ಮೊದಲ ಸಮೀಕರಣ ನಮ್ಮ ಮನೆಯ ಜಮಾ-ಖರ್ಚಿನಂತೆಯೇ ಇದೆ. ನದಿಯ ಒಂದು ತುಂಡನ್ನು ತೆಗೆದುಕೊಳ್ಳಿ. ಮೇಲಿನಿಂದ ಬಂದ ನೀರಿನಲ್ಲಿ ಕೆಳಗೆ ಹೋದ ನೀರನ್ನು ಕಳೆದರೆ ಉಳಿದದ್ದು ಅಲ್ಲಿ ನಿಂತ ನೀರು. ಅಷ್ಟೆ. ಇದನ್ನು ದ್ರವ್ಯರಾಶಿ ಸಂರಕ್ಷಣೆ ಎನ್ನುತ್ತಾರೆ.

ಪತ್ರಿಕೆಯ ಅಂಕಿಗಳನ್ನು ಅರ್ಥ ಮಾಡಿಕೊಳ್ಳಲು ಇಷ್ಟೇ ಸಾಕು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳು. ಆದ್ದರಿಂದ 1 ಲಕ್ಷ ಕ್ಯುಸೆಕ್ ನೀರು ಇಡೀ ದಿನ ಹರಿದರೆ 864 ಕೋಟಿ ಘನ ಅಡಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಹಾಗಾಗಿ ಇದು 8.64 ಟಿಎಂಸಿ. ಒಳಹರಿವು 5 ಲಕ್ಷ, ಹೊರಹರಿವು 4 ಲಕ್ಷ ಕ್ಯುಸೆಕ್ ಇದ್ದರೆ ಜಲಾಶಯ ದಿನಕ್ಕೆ 8.64 ಟಿಎಂಸಿಯಷ್ಟು ತುಂಬುತ್ತದೆ. 123 ಟಿಎಂಸಿಯ ಖಾಲಿ ಜಲಾಶಯವಾದರೂ ಇದೇ ಗತಿಯಲ್ಲಿ ಸುಮಾರು 14 ದಿನಗಳಲ್ಲಿ ತುಂಬಿಬಿಡುತ್ತದೆ. ನೆರೆಯ ಹೊತ್ತಿಗೆ ಜಲಾಶಯದಲ್ಲಿ ಎಷ್ಟು ಜಾಗ ಖಾಲಿ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಏಕೆ ಅಷ್ಟು ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ.

ಎರಡನೆಯ ಸಮೀಕರಣ ಸಂವೇಗದ್ದು. ನೀರನ್ನು ಕೆಳಕ್ಕೆ ಎಳೆಯುವುದು ಗುರುತ್ವ. ತಡೆಯುವುದು ನದಿಯ ತಳ ಮತ್ತು ದಡಗಳ ಒರಟುತನ. ಈ ಎಳೆತ-ತಡೆಗಳ ಲೆಕ್ಕದಲ್ಲಿ ತಡೆಯನ್ನು ಅಳೆಯಲು ಮ್ಯಾನಿಂಗ್ ಸೂತ್ರ ಬೇಕಾಗುತ್ತದೆ.

ಮ್ಯಾನಿಂಗ್ ಸೂತ್ರ ಮತ್ತು ‘ಎನ್’ ಎಂಬ ಅಂಕಿ

ಸೂತ್ರವನ್ನು ಮಾತಿನಲ್ಲಿ ಹೀಗೆ ಹೇಳಬಹುದು. ನೀರಿನ ಹರಿವಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ನೀರು ತಾಗಿದ ಸುತ್ತಳತೆಯಿಂದ ಭಾಗಿಸಿ. ಇದಕ್ಕೆ ಜಲೀಯ ತ್ರಿಜ್ಯ ಎಂದು ಹೆಸರು. ಅದರ ಘನಮೂಲದ ವರ್ಗವನ್ನು ಇಳಿಜಾರಿನ ವರ್ಗಮೂಲದಿಂದ ಗುಣಿಸಿ. ಬಂದದ್ದನ್ನು ‘ಎನ್’ ಎಂಬ ಒರಟುತನದ ಗುಣಾಂಕದಿಂದ ಭಾಗಿಸಿ. ಅಳತೆಗಳೆಲ್ಲ ಮೀಟರಿನಲ್ಲಿದ್ದರೆ, ನೀರಿನ ಸರಾಸರಿ ವೇಗ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಸಿಗುತ್ತದೆ. ಅಗಲವಾದ ನದಿಯಲ್ಲಿ ಜಲೀಯ ತ್ರಿಜ್ಯವೂ ನೀರಿನ ಆಳವೂ ಹೆಚ್ಚು ಕಡಿಮೆ ಒಂದೇ.

ಈಗ ಒಂದು ಕಾಲ್ಪನಿಕ ನದಿಯನ್ನು ತೆಗೆದುಕೊಳ್ಳೋಣ. (ಇದು ಕೃಷ್ಣೆಯ ಅಳತೆಯಲ್ಲ, ಲೆಕ್ಕ ಸುಲಭವಾಗಲೆಂದು ಆರಿಸಿದ್ದು.) ಅಗಲ 500 ಮೀಟರ್, ಆಳ 8 ಮೀಟರ್, ಇಳಿಜಾರು 5000ಕ್ಕೆ 1, ಅಂದರೆ ಕಿಲೋಮೀಟರಿಗೆ 20 ಸೆಂಟಿಮೀಟರ್. ‘ಎನ್’ 0.03. 8ರ ಘನಮೂಲ 2, ಅದರ ವರ್ಗ 4. ಇಳಿಜಾರಿನ ವರ್ಗಮೂಲ 0.01414. ಇವುಗಳ ಗುಣಲಬ್ಧವನ್ನು 0.03ರಿಂದ ಭಾಗಿಸಿದರೆ ವೇಗ ಸೆಕೆಂಡಿಗೆ ಸುಮಾರು 1.89 ಮೀಟರ್. ವಿಸ್ತೀರ್ಣ 4000 ಚದರ ಮೀಟರ್ ಆದ್ದರಿಂದ ಹರಿವು ಸೆಕೆಂಡಿಗೆ ಸುಮಾರು 7540 ಘನ ಮೀಟರ್, ಅಂದರೆ 2.66 ಲಕ್ಷ ಕ್ಯುಸೆಕ್.

ಈ ಲೆಕ್ಕದಲ್ಲಿ ಅಗಲ, ಆಳ, ಇಳಿಜಾರುಗಳನ್ನು ಅಳೆಯಬಹುದು. ‘ಎನ್’ ಮಾತ್ರ ನೇರವಾಗಿ ಅಳೆಯಲು ಸಿಗದು. ಅದನ್ನು ಅನುಭವದಿಂದ, ಕೋಷ್ಟಕದಿಂದ ಆರಿಸಬೇಕು. ವೆನ್ ಟೆ ಚೌ ಅವರು 1959ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪಠ್ಯಪುಸ್ತಕದ ಕೋಷ್ಟಕದಲ್ಲಿ ಶುಭ್ರವಾದ ನೇರ ನದಿಗೆ ಇದು 0.030ರ ಆಸುಪಾಸು, ಬೆಳೆದು ನಿಂತ ಬೆಳೆಯಿರುವ ನೆರೆ ಬಯಲಿಗೆ 0.030ರಿಂದ 0.050, ದಟ್ಟ ಪೊದೆಗಳಿದ್ದರೆ 0.10ಕ್ಕೂ ಮೀರುತ್ತದೆ.

ನಮ್ಮ ಕಾಲ್ಪನಿಕ ನದಿಯಲ್ಲಿ ‘ಎನ್’ ಅನ್ನು 0.03ರ ಬದಲು 0.04 ಎಂದು ಹಿಡಿಯಿರಿ. ಅಷ್ಟೇ ನೀರು ಹರಿಯಲು ಈಗ 8 ಮೀಟರ್ ಆಳ ಸಾಲದು, ಸುಮಾರು 9.5 ಮೀಟರ್ ಬೇಕು. ನೀರು ಒಂದು ಹನಿಯೂ ಹೆಚ್ಚಾಗಿಲ್ಲ, ಮಟ್ಟ ಮಾತ್ರ ಒಂದೂವರೆ ಮೀಟರ್ ಏರಿದೆ. ಮನೆಯ ಹೊಸ್ತಿಲಿಗೆ ತಾಗಿದ ನೀರು ಕಿಟಕಿಗೆ ಬರಲು ಇಷ್ಟು ಸಾಕು. ಕೃಷ್ಣೆ, ಘಟಪ್ರಭೆಗಳ ದಡದ ಉದ್ದಕ್ಕೂ ಆಳೆತ್ತರ ಮೀರಿದ ಕಬ್ಬು ನಿಂತಿರುತ್ತದೆ. ನೆರೆಯ ನೀರು ಆ ಹೊಲಗಳ ಮೇಲೆ ಹಾಯುವಾಗ ‘ಎನ್’ ಎಷ್ಟು? ಇದಕ್ಕೆ ಉತ್ತರ ದೂರದ ಕೋಷ್ಟಕದಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ.

ಮ್ಯಾನಿಂಗ್ ಅವರಿಗೇ ತಮ್ಮ ಹೆಸರಿನ ಸೂತ್ರದ ಮೇಲೆ ಪೂರ್ಣ ತೃಪ್ತಿ ಇರಲಿಲ್ಲ. ಅದರ ಎರಡೂ ಬದಿಗಳ ಆಯಾಮಗಳು ಹೊಂದುವುದಿಲ್ಲ. ಮೇಲಾಗಿ ಆ ಕಾಲದಲ್ಲಿ ಘನಮೂಲ ತೆಗೆಯುವುದು ಪ್ರಯಾಸದ ಕೆಲಸ. ಅಡಿಗಳಲ್ಲಿ ಲೆಕ್ಕ ಮಾಡುವಾಗ ಸೂತ್ರಕ್ಕೆ 1.486 ಎಂಬ ಅಂಕಿ ಸೇರಿಕೊಳ್ಳುವುದು ಈ ದೋಷದಿಂದಲೇ. (ಒಂದು ಮೀಟರಿಗೆ 3.281 ಅಡಿ, ಅದರ ಘನಮೂಲ 1.486. ವಿದ್ಯಾರ್ಥಿಗಳು ಮಾಡಿ ನೋಡಬಹುದು.)

ಹಿನ್ನೀರು ಎಷ್ಟು ದೂರ ಹೋಗುತ್ತದೆ?

ಈಗ ಅದೇ ನದಿಗೆ ಒಂದು ಕಟ್ಟೆ ಕಟ್ಟಿ, ಕಟ್ಟೆಯ ಬಳಿ ಆಳವನ್ನು 8ರಿಂದ 12 ಮೀಟರಿಗೆ ಏರಿಸೋಣ. ಸಾಮಾನ್ಯವಾಗಿ ಜನ ಮಾಡುವ ಲೆಕ್ಕ ಹೀಗೆ: ನೀರು ಸಮತಟ್ಟಾಗಿ ನಿಲ್ಲುತ್ತದೆ, ಕಿಲೋಮೀಟರಿಗೆ 20 ಸೆಂಟಿಮೀಟರ್ ಇಳಿಜಾರು, 4 ಮೀಟರ್ ಏರಿಕೆ ಮುಗಿಯುವುದು 20 ಕಿಲೋಮೀಟರಿನಲ್ಲಿ, ಅದರ ಮೇಲೆ ಹಿನ್ನೀರಿನ ಪ್ರಭಾವ ಇಲ್ಲ.

ಈ ಲೆಕ್ಕ ತಪ್ಪು. ನೀರು ನಿಂತಿಲ್ಲ, ಹರಿಯುತ್ತಿದೆ. ಹರಿಯಬೇಕಾದರೆ ಅದರ ಮೇಲ್ಮೈಗೆ ಸ್ವಲ್ಪವಾದರೂ ಇಳಿಜಾರು ಬೇಕು. ಆದ್ದರಿಂದ ಮೇಲ್ಮೈ ಸಮತಟ್ಟಾಗದೆ ಹಿಂದೆ ಹಿಂದೆ ಹೋದಂತೆ ಬಾಗಿ ಏರುತ್ತದೆ. ಸಹಜ ಮಟ್ಟವನ್ನು ಬಹಳ ನಿಧಾನವಾಗಿ ಸೇರುತ್ತದೆ. ಇದಕ್ಕೆ ಹಿನ್ನೀರಿನ ವಕ್ರರೇಖೆ ಎಂದು ಹೆಸರು. ಒಂದು ಅವಕಲ ಸಮೀಕರಣವನ್ನು ಹಂತ ಹಂತವಾಗಿ ಬಿಡಿಸಿ ಇದನ್ನು ಎಳೆಯಬಹುದು. ನಮ್ಮ ಉದಾಹರಣೆಯಲ್ಲಿ 2.66 ಲಕ್ಷ ಕ್ಯುಸೆಕ್ ಹರಿವಿಗೆ ಉತ್ತರ ಹೀಗೆ ಬರುತ್ತದೆ. ಕಟ್ಟೆಯಿಂದ 20 ಕಿಲೋಮೀಟರ್ ಮೇಲೆ ಏರಿಕೆ ಸೊನ್ನೆಯಲ್ಲ, ಸುಮಾರು ಒಂದೂವರೆ ಮೀಟರ್. 27 ಕಿಲೋಮೀಟರಿನಲ್ಲಿ ಒಂದು ಮೀಟರ್. 36-37 ಕಿಲೋಮೀಟರಿನಲ್ಲಿ ಅರ್ಧ ಮೀಟರ್. 45 ಕಿಲೋಮೀಟರಿನಲ್ಲಿ ಕಾಲು ಮೀಟರ್. ಅಂದರೆ ‘ಸಮತಟ್ಟು’ ಲೆಕ್ಕದವರು ‘ಇಲ್ಲಿಗೆ ಮುಗಿಯಿತು’ ಎಂದ ಜಾಗದಿಂದಾಚೆಗೂ ಹಿನ್ನೀರು ಇನ್ನೂ ಅಷ್ಟೇ ದೂರ ಚಾಚಿರುತ್ತದೆ.

ಇದರಿಂದ ‘ಹಿನ್ನೀರೇ ನೆರೆಗೆ ಕಾರಣ’ ಎಂಬ ವಾದ ಗೆದ್ದಿತೆ? ಅವಸರ ಬೇಡ. ಕಟ್ಟೆಯ ಬಳಿಯ ಆಳವನ್ನು 12 ಮೀಟರಿಗೇ ಇಟ್ಟು ಹರಿವನ್ನು ಮಾತ್ರ ಎರಡು ಪಟ್ಟು, ಅಂದರೆ ಸುಮಾರು 5.3 ಲಕ್ಷ ಕ್ಯುಸೆಕ್ ಮಾಡಿ. ಕಟ್ಟೆಯೇ ಇಲ್ಲದಿದ್ದರೂ ಈ ಹರಿವಿಗೆ ನದಿಯ ಸಹಜ ಆಳ 12.1 ಮೀಟರ್! ಆಗ ಹಿನ್ನೀರಿನ ವಕ್ರರೇಖೆಯೇ ಇರುವುದಿಲ್ಲ. ಕಟ್ಟೆಯ ಬಾಗಿಲುಗಳು ಅಷ್ಟು ನೀರನ್ನು ಅದೇ ಮಟ್ಟದಲ್ಲಿ ಬಿಡಬಲ್ಲವಾದರೆ, ಆ ಮಹಾ ನೆರೆಗೆ ಕಟ್ಟೆ ಹೆಚ್ಚಿಗೆ ಕೂಡಿಸಿದ್ದು ಏನೂ ಇಲ್ಲ.

ಒಂದೇ ನದಿ, ಒಂದೇ ಕಟ್ಟೆ. ಸಾಧಾರಣ ಪ್ರವಾಹದಲ್ಲಿ ಹಿನ್ನೀರು 45 ಕಿಲೋಮೀಟರ್ ದೂರ ಕಾಣುತ್ತದೆ. ಮಹಾ ಪ್ರವಾಹದಲ್ಲಿ ಕಾಣುವುದೇ ಇಲ್ಲ. ಹಾಗಾಗಿ ‘ಕಟ್ಟೆಯಿಂದ ನೆರೆ ಬರುತ್ತದೆಯೆ?’ ಎಂಬ ಪ್ರಶ್ನೆಗೆ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರವಿಲ್ಲ. ‘ಎಷ್ಟು ಹರಿವಿನಲ್ಲಿ? ಕಟ್ಟೆಯ ಬಳಿ ಯಾವ ಮಟ್ಟದಲ್ಲಿ? ಎಷ್ಟು ದೂರದ ಊರಿಗೆ?’ ಎಂದು ಕೇಳಿದಾಗ ಮಾತ್ರ ಅದು ಗಣಿತದ ಪ್ರಶ್ನೆಯಾಗುತ್ತದೆ.

ಹಿನ್ನೀರು ಎಂದರೆ ಕೇಡು ಎಂದೇ ಅಲ್ಲ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಮತ್ತು ಶ್ರಮ ಕೂಡಿಸಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ‘ಶ್ರಮಬಿಂದು ಸಾಗರ’ ಎಂದು ಹೆಸರಾದ ಅದರ ಉದ್ದೇಶವೇ ನೀರನ್ನು ಹಿಂದಕ್ಕೆ ನಿಲ್ಲಿಸಿ ಬೇಸಗೆಯಲ್ಲಿ ಪಂಪುಗಳಿಗೆ ಒದಗಿಸುವುದಾಗಿತ್ತು. ಬೇಸಗೆಯ ಕಡಿಮೆ ಹರಿವಿನಲ್ಲಿ ನೀರಿನ ಮೇಲ್ಮೈ ಹೆಚ್ಚು ಕಡಿಮೆ ಸಮತಟ್ಟಾಗಿಯೇ ಇರುತ್ತದೆ. ಆಗ ಮೇಲಿನ ಸರಳ ಲೆಕ್ಕವೇ ಸಾಕಾಗುತ್ತದೆ.

ನೆರೆಯ ಅಲೆ ನೀರಿಗಿಂತ ಬೇಗ

ಇನ್ನೊಂದು ಅಚ್ಚರಿಯ ಫಲಿತಾಂಶವಿದೆ. ಮೇಲಿನ ಊರಿಗೆ ನೆರೆಯ ಶಿಖರ ಬಂದ ಎಷ್ಟು ಹೊತ್ತಿಗೆ ನಮ್ಮೂರಿಗೆ ಬರುತ್ತದೆ? ನೀರಿನ ವೇಗದಿಂದ ದೂರವನ್ನು ಭಾಗಿಸಿದರೆ ಸರಿಯಾದ ಉತ್ತರ ಬರುವುದಿಲ್ಲ. ಅಗಲವಾದ ನದಿಯಲ್ಲಿ ಮ್ಯಾನಿಂಗ್ ಸೂತ್ರದ ಪ್ರಕಾರ ಹರಿವು ಆಳದ 5/3 ಘಾತಕ್ಕೆ ಅನುಗುಣ. ಇದರಿಂದ ನೆರೆಯ ಅಲೆ ನೀರಿಗಿಂತ 5/3 ಪಟ್ಟು ವೇಗವಾಗಿ ಸಾಗುತ್ತದೆ ಎಂದು ತೋರಿಸಬಹುದು. ನಮ್ಮ ನದಿಯಲ್ಲಿ ನೀರು ಗಂಟೆಗೆ 6.8 ಕಿಲೋಮೀಟರ್, ಅಲೆ ಗಂಟೆಗೆ 11.3 ಕಿಲೋಮೀಟರ್. 100 ಕಿಲೋಮೀಟರ್ ದೂರಕ್ಕೆ ನೀರಿನ ಲೆಕ್ಕದಲ್ಲಿ ಸುಮಾರು 15 ಗಂಟೆ ಸಿಗುತ್ತದೆ ಎನಿಸಿದರೆ ನಿಜವಾಗಿ ಸಿಗುವುದು 9 ಗಂಟೆ. ದನಕರು, ಕಾಳುಕಡಿ ಸಾಗಿಸುವವರಿಗೆ ಈ ಆರು ಗಂಟೆ ಸಣ್ಣ ವಿಷಯವಲ್ಲ. ಅಲೆ ಜಲಾಶಯದ ನಿಂತ ನೀರನ್ನು ತಲುಪಿದ ಮೇಲೆ ಈ ಸರಳ ನಿಯಮ ನಡೆಯುವುದಿಲ್ಲ. ಅಲ್ಲಿ ಪೂರ್ಣ ಸೇಂಟ್ ವೆನಾ ಸಮೀಕರಣಗಳೇ ಬೇಕು.

ಕಂಪ್ಯೂಟರಿನ ಕಾಲದಲ್ಲಿ

ಪೂರ್ಣ ಸಮೀಕರಣಗಳನ್ನು ನಿಜವಾದ ನದಿಗೆ ಕೈಯಿಂದ ಬಿಡಿಸಲಾಗದು. ನದಿಯನ್ನು ಸಾವಿರಾರು ಚೌಕುಳಿಗಳಾಗಿ ವಿಭಜಿಸಿ ಕಂಪ್ಯೂಟರಿನಿಂದ ಲೆಕ್ಕ ಮಾಡಿಸುತ್ತಾರೆ. ಇಂದಿನ ಉಪನ್ಯಾಸಗಳ ಹೆಚ್ಚಿನ ಭಾಗ ಈ ವಿಧಾನಗಳನ್ನು ಕುರಿತದ್ದು. ಅವುಗಳಲ್ಲಿ ಒಂದಕ್ಕೆ ನಮ್ಮ ನಾಡಿನ ನಂಟಿದೆ. ಪ್ರಭುಲಾಲ್ ಭಟ್ನಾಗರ್ ಅವರು 1954ರಲ್ಲಿ ಗ್ರಾಸ್ ಮತ್ತು ಕ್ರೂಕ್ ಅವರೊಡನೆ ಅನಿಲದ ಅಣುಗಳ ಘರ್ಷಣೆಗೆ ಒಂದು ಸರಳ ಮಾದರಿಯನ್ನು ಸೂಚಿಸಿದರು. ಕೋಟ್ಯಂತರ ಘರ್ಷಣೆಗಳನ್ನು ಒಂದೊಂದಾಗಿ ಲೆಕ್ಕಿಸುವ ಬದಲು, ಅಣುಗಳ ಗುಂಪು ಒಂದು ನಿರ್ದಿಷ್ಟ ಅವಧಿಯಲ್ಲಿ ಸಮತೋಲನಕ್ಕೆ ಮರಳುತ್ತದೆ ಎಂದು ಹಿಡಿಯುವುದು ಅದರ ತಿರುಳು. ಭಟ್ನಾಗರ್ ಅವರು 1956ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅನ್ವಯಿಕ ಗಣಿತದ ಪ್ರಾಧ್ಯಾಪಕರಾಗಿ ಬಂದರು. ಅನಿಲಕ್ಕಾಗಿ ಹುಟ್ಟಿದ ಈ ಮಾದರಿ 1990ರ ದಶಕದಿಂದ ಲ್ಯಾಟಿಸ್ ಬೋಲ್ಟ್ಸ್‌ಮನ್ ವಿಧಾನದ ಮೂಲಕ ದ್ರವಗಳಿಗೂ, ಆಳ ಕಡಿಮೆಯಿರುವ ನೀರಿನ ಹರಿವಿಗೂ ಬಳಕೆಗೆ ಬಂದಿದೆ.

ಯಾವ ಪ್ರಶ್ನೆ ಕೇಳಬೇಕು?

ಬೆಳಗಾವಿಯಲ್ಲಿ ಕೇಂದ್ರ ಕಚೇರಿಯಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಸ್ಥಾಪನೆಯಾಯಿತು. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಷ್ಟು ಹಳೆಯದು. ನಮ್ಮ ಭಾಗದ ಶಿಕ್ಷಕರಿಗೆ, ವಿದ್ಯಾರ್ಥಿಗಳಿಗೆ ಇಂಥ ಉಪನ್ಯಾಸ ಕೇಳುವ ಅವಕಾಶ ಬಂದರೆ ಸಮೀಕರಣಗಳೆಲ್ಲ ಅರ್ಥವಾಗಲಿಲ್ಲವೆಂದು ಸುಮ್ಮನೆ ಎದ್ದು ಬರಬೇಕಾಗಿಲ್ಲ. ಈ ಐದು ಪ್ರಶ್ನೆಗಳನ್ನು ಯಾರೂ ಕೇಳಬಹುದು.

1. ನದಿಯ ತಳದ ಅಳತೆ ಯಾವ ವರ್ಷದ್ದು? ಅನಂತರ ಹೂಳು ತುಂಬಿರಬಹುದಲ್ಲವೆ?

2. ‘ಎನ್’ ಎಷ್ಟು ಹಿಡಿದಿರಿ? ನದಿಯ ಪಾತ್ರಕ್ಕೂ ಕಬ್ಬಿನ ಹೊಲಕ್ಕೂ ಬೇರೆ ಬೇರೆ ಹಿಡಿದಿರೊ, ಒಂದೇ ಹಿಡಿದಿರೊ?

3. ಕೆಳಗಿನ ಅಣೆಕಟ್ಟಿನ ಮಟ್ಟವನ್ನು ಸ್ಥಿರವೆಂದು ಇಟ್ಟಿರೊ, ದಿನ ದಿನಕ್ಕೆ ಬದಲಿಸಿದಿರೊ?

4. 2005ರ ನೆರೆಗೆ ಹೊಂದಿಸಿಕೊಂಡ ಮಾದರಿ 2019ರ ನೆರೆಯನ್ನು ಸರಿಯಾಗಿ ಹೇಳುತ್ತದೆಯೆ? (ಹೊಂದಿಸಿಕೊಂಡ ನೆರೆಯನ್ನೇ ಮತ್ತೆ ಸರಿಯಾಗಿ ಹೇಳಿದರೆ ಅದು ಪರೀಕ್ಷೆಯಲ್ಲ.)

5. ನಿಮ್ಮ ಉತ್ತರದಲ್ಲಿ ಎಷ್ಟು ಹೆಚ್ಚು-ಕಡಿಮೆ ಇರಬಹುದು? ಹತ್ತು ಸೆಂಟಿಮೀಟರೊ, ಒಂದು ಮೀಟರೊ?

ಒಳ್ಳೆಯ ಸಂಶೋಧಕರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಕಬ್ಬಿನ ಹೊಲದಲ್ಲಿ ನೆರೆಯ ನೀರು ಹೇಗೆ ಹಾಯುತ್ತದೆ ಎಂಬುದನ್ನು ಕಣ್ಣಾರೆ ಕಂಡ ರೈತನ ಮಗಳೊಬ್ಬಳು ಎರಡನೆಯ ಪ್ರಶ್ನೆ ಕೇಳಿದರೆ ಅದು ಉಪನ್ಯಾಸಕರಿಗೂ ಹೊಸ ಮಾಹಿತಿಯೇ ಆಗಬಹುದು.

ನೀವೇ ಮಾಡಿ ನೋಡಿ

‘ಎನ್’ ಅನ್ನು ವಿದ್ಯಾರ್ಥಿಗಳೇ ಕಂಡುಹಿಡಿಯಬಹುದು. ಊರ ಬಳಿಯ ಸಿಮೆಂಟಿನ ಸಣ್ಣ ಹೊಲಗಾಲುವೆಯ ನೇರವಾದ ಭಾಗವನ್ನು ಆರಿಸಿ. (ದೊಡ್ಡ ಕಾಲುವೆ ಅಥವಾ ನದಿ ಬೇಡ; ಶಿಕ್ಷಕರು ಜೊತೆಗಿರಬೇಕು; ಯಾರೂ ನೀರಿಗೆ ಇಳಿಯಬಾರದು.) 20 ಮೀಟರ್ ದೂರ ಗುರುತು ಮಾಡಿ, ಒಣ ಕಡ್ಡಿಯನ್ನು ತೇಲಿಬಿಟ್ಟು ವೇಳೆ ನೋಡಿ. 25 ಸೆಕೆಂಡು ಹಿಡಿದರೆ ಮೇಲ್ಮೈ ವೇಗ ಸೆಕೆಂಡಿಗೆ 0.8 ಮೀಟರ್. ಸರಾಸರಿ ವೇಗಕ್ಕಾಗಿ ಇದನ್ನು 0.85ರಿಂದ ಗುಣಿಸಿ: 0.68. ಕಾಲುವೆಯ ಅಗಲ 2 ಮೀಟರ್, ನೀರಿನ ಆಳ ಅರ್ಧ ಮೀಟರ್ ಇದ್ದರೆ ವಿಸ್ತೀರ್ಣ 1 ಚದರ ಮೀಟರ್, ತೋಯ್ದ ಸುತ್ತಳತೆ 3 ಮೀಟರ್, ಜಲೀಯ ತ್ರಿಜ್ಯ 0.333 ಮೀಟರ್. ಇಳಿಜಾರು 2000ಕ್ಕೆ 1 ಎಂದಾದರೆ ‘ಎನ್’ ಸುಮಾರು 0.016 ಬರುತ್ತದೆ. ಬಳಕೆಯಲ್ಲಿರುವ ಸಿಮೆಂಟ್ ಕಾಲುವೆಗೆ ಇದು ತಕ್ಕ ಅಂಕಿ. ಹುಲ್ಲು ಬೆಳೆದ ಮಣ್ಣಿನ ಕಾಲುವೆಯಲ್ಲಿ ಇದೇ ಪ್ರಯೋಗ ಮಾಡಿ ಹೋಲಿಸಿ.

ಎರಡನೆಯ ಕೆಲಸ ಇನ್ನೂ ಮುಖ್ಯವಾದದ್ದು. ನದಿ ದಡದ ಊರುಗಳ ಗೋಡೆಗಳ ಮೇಲೆ, ಗುಡಿಯ ಕಂಬಗಳ ಮೇಲೆ 2019ರ ನೆರೆ ಎಲ್ಲಿಯವರೆಗೆ ಬಂದಿತ್ತೆಂಬ ಗುರುತು, ಇಲ್ಲವೆ ಅದನ್ನು ಬೆರಳಿಟ್ಟು ತೋರಿಸುವ ಹಿರಿಯರು ಇನ್ನೂ ಸಿಗಬಹುದು. ನೆಲದಿಂದ ಎಷ್ಟು ಎತ್ತರ, ಯಾವ ದಿನ, ಯಾವ ಹೊತ್ತು ಎಂಬುದನ್ನು ಬರೆದಿಡಿ. ಸುಣ್ಣ ಬಳಿದ ಮೇಲೆ ಆ ಗುರುತು ಹೋಗುತ್ತದೆ. ನಾಲ್ಕನೆಯ ಪ್ರಶ್ನೆಗೆ ಉತ್ತರ ಬೇಕಾದ ಸಂಶೋಧಕರು ಹುಡುಕುವುದು ಇಂಥ ಗುರುತುಗಳನ್ನೇ.